ಬಿಡದ ಲಾಕು

ತಂಗಿಯ ಜೀಪನ್ನು ನಾಲ್ಕು ಮರದ ದಿಮ್ಮಿಗಳ ಮೇಲೆ ನಿಲ್ಲಿಸಿ, ಹಿಂದಿನ ಆಕ್ಸಲ್ ಬಿಚ್ಚಿಕೊಂಡು ಮೆಕ್ಯಾನಿಕ್ಕು ಎರಡು ದಿನದಿಂದ ಕೂತಿದ್ದ. ಜೀಪು ಆರೋಗ್ಯ ಕೇಂದ್ರದ್ದು, ಓಡಿಸುವವಳು ತಂಗಿ. ವಾರಕ್ಕೊಮ್ಮೆ ನರ್ಸಮ್ಮನನ್ನೂ ಲಸಿಕೆಯ ಪೆಟ್ಟಿಗೆಯನ್ನೂ ಗುಡ್ಡದ ಮೇಲಿನ ಊರಿಗೆ ಮುಟ್ಟಿಸುವುದು ಅವಳ ಕೆಲಸ. ಆ ದಾರಿಯಲ್ಲಿ ಎರಡು ಕಷ್ಟದ ಜಾಗಗಳು. ಮೊದಲು ಹಳ್ಳದ ಕಲ್ಲುಗಳ ಮೇಲೆ ನೆಟ್ಟಗೆ ಏರು. ಅದು ಮುಗಿದು ಎರಡು ತಿರುವು ಕಳೆದರೆ ಜೇಡಿಮಣ್ಣಿನ ಅಡ್ಡ ಇಳಿಜಾರು. ಅಲ್ಲಿ ದಾರಿಯೇ ಹೊರಮಗ್ಗುಲಿಗೆ ವಾಲಿಕೊಂಡಿದೆ, ಕೆಳಗೆ ಇಪ್ಪತ್ತಾಳು ಆಳದ ಕಮರಿ.

ಜೋಡೆತ್ತು ಹೊಲದ ಕೊನೆಯಲ್ಲಿ ತಿರುಗುವಾಗ ಒಳಗಿನ ಎತ್ತು ನಿಂತಂತೆ ಇರುತ್ತದೆ, ಹೊರಗಿನದು ಸುತ್ತಿ ಬರುತ್ತದೆ. ಹಿಂದಿನ ಎರಡು ಚಕ್ರಗಳಿಗೆ ಈ ಸ್ವಾತಂತ್ರ್ಯ ಕೊಡುವುದೇ ಡಿಫರೆನ್ಷಿಯಲ್ಲು. ಕಲ್ಲಿನಲ್ಲಿ ಒಂದು ಚಕ್ರ ಗಾಳಿಗೆ ಎದ್ದರೆ ಮಾತ್ರ ಈ ಸ್ವಾತಂತ್ರ್ಯವೇ ಮುಳುವು. ಎದ್ದ ಚಕ್ರ ಗರಗರ ತಿರುಗುತ್ತದೆ, ನೆಲದ ಮೇಲಿರುವುದು ಸುಮ್ಮನೆ ನಿಲ್ಲುತ್ತದೆ. ಆಗ ಲಾಕ್ ಎಳೆದು ಎರಡನ್ನೂ ಒಂದು ಮಾಡಬೇಕು.

"ತಾನಾಗೇ ಕಚ್ಕೊಳ್ಳೋ ಲಾಕ್ ಬಂದಿದೆಯಂತಲ್ಲ ಅಣ್ಣ, ಅದನ್ನೇ ಹಾಕ್ಬಿಡು. ಈ ಹಳೇದಕ್ಕೆ ಯಾಕೆ ತೇಪೆ?" ಎಂದು ತಂಗಿ ಮೊದಲ ದಿನವೇ ಕೇಳಿದ್ದಳು.

"ಕಚ್ಚೋವಾಗ ಅದು ನಿನ್ನ ಕೇಳಲ್ಲ. ಗದ್ದೆ ಬದಿಗೆ, ಮರಳಿಗೆ ಅದು ಸರಿ. ಅಡ್ಡ ಇಳಿಜಾರಲ್ಲಿ ಕಚ್ತು ಅನ್ನು, ಎರಡೂ ಚಕ್ರ ಒಟ್ಟಿಗೆ ಜಾರಿ ಹಿಂಭಾಗ ಕೆಳಕ್ಕೆ ಹೋಗುತ್ತೆ. ಅಂಥ ಕಡೆ ಒಂದು ಸುತ್ತಿದ್ರೂ ಇನ್ನೊಂದು ನೆಲ ಹಿಡ್ಕೊಂಡಿರ್ಬೇಕು. ನಿಂಗೆ ಬೇಕಾದಾಗ ಹಾಕಿ ಬೇಡದಾಗ ಬಿಡೋ ಲಿವರ್ ಲಾಕೇ ಸರಿ."

"ಒಬ್ರು ಸುತ್ತಿದ್ರೂ ಒಬ್ರು ಹಿಡ್ಕೊಂಡಿರ್ಬೇಕು. ಮದುವೆಯಾದ್ಮೇಲೆ ನೀನು ಕಲಿತ ಮಾತು ಇದು," ಎಂದು ತಂಗಿ ಕೆಣಕಿದಳು.

"ಯಾರು ಸುತ್ತೋರು, ಯಾರು ಹಿಡ್ಕೊಂಡಿರೋರು ಅಂತ ಊರಿಗೇ ಗೊತ್ತು," ಎಂದು ಬಿಡಿಭಾಗಗಳ ಕಪಾಟಿನ ಹಿಂದಿನಿಂದ ಅವನ ಹೆಂಡತಿ ಅಂದಳು. ಅತ್ತಿಗೆ ನಾದಿನಿ ಇಬ್ಬರೂ ನಕ್ಕರು. ಅವನೂ ನಕ್ಕ.

ಲಾಕಿನ ಹಲ್ಲು ಸವೆದಿತ್ತು. ಹೊಸ ಹಲ್ಲಿನ ಬಳೆ ಹಾಕಿದ. ಲಿವರ್ ಇಳಿಸಿದಾಗ ಆ ಬಳೆಯನ್ನು ವಾಪಸ್ ಎಳೆದು ಲಾಕ್ ಬಿಡಿಸುವ ಸ್ಪ್ರಿಂಗೂ ಸೋತಿತ್ತು. ಅದಕ್ಕೂ ಹೊಸದು ತರಿಸಿದ್ದ. ಲಾಕ್ ಹಾಕಿದಾಗ ಡ್ಯಾಶ್‌ಬೋರ್ಡಿನಲ್ಲಿ ಉರಿಯುವ ಕೆಂಪು ದೀಪದ ಸ್ವಿಚ್ಚು ಆಕ್ಸಲ್ಲಿನ ಒಳಗೇ ಸುಟ್ಟುಹೋಗಿತ್ತು. ಅದು ಪೇಟೆಯಲ್ಲಿ ಸಿಗಲಿಲ್ಲ. ಸದ್ಯಕ್ಕೆ ಇರಲಿ ಎಂದು ದೀಪದ ತಂತಿಯನ್ನು ಲಿವರಿನ ಬುಡಕ್ಕೇ ಕಟ್ಟಿದ, ಲಿವರ್ ಎಳೆದರೆ ಹತ್ತಿ ಇಳಿಸಿದರೆ ಆರುವಂತೆ. ಚಕ್ರಗಳು ಗಾಳಿಯಲ್ಲಿರುವಾಗಲೇ ಹತ್ತು ಸಲ ಎಳೆದು ಇಳಿಸಿ ನೋಡಿದ. ಹತ್ತು ಸಲವೂ ಕಚ್ಚಿತು, ಹತ್ತು ಸಲವೂ ಬಿಟ್ಟಿತು.

"ದೀಪ ಹತ್ತಿದ್ರೆ ಲಾಕು, ಆರಿದ್ರೆ ಬಿಟ್ಟಿದೆ. ಅಷ್ಟೇ," ಎಂದು ತಂಗಿಗೆ ಬೀಗದಕೈ ಕೊಟ್ಟ. ನರ್ಸಮ್ಮ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆಗಲೇ ಕೂತಿದ್ದಳು. ಬೆಳಿಗ್ಗೆ ಒಂಬತ್ತಕ್ಕೆ ಜೀಪು ಹೊರಟಿತು.

ಅವನ ಅಪ್ಪನ ಕಾಲದಿಂದಲೂ ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ. ಬದಲಾಯಿಸಿದ ಹಳೇ ಭಾಗವನ್ನು ಡೀಸೆಲ್ಲಿನಲ್ಲಿ ತೊಳೆದು, ಹೊಸದು ಬಂದ ಡಬ್ಬಿಯಲ್ಲೇ ಇಟ್ಟು ಗಾಡಿಯವರ ಕೈಗೆ ಕೊಡುವುದು. ಬದಲಾಯಿಸಿದ್ದು ನಿಜ ಎಂಬುದಕ್ಕೆ ಅದೇ ಸಾಕ್ಷಿ. ತಂಗಿ ಡಬ್ಬಿಯನ್ನು ಬೆಂಚಿನ ಮೇಲೇ ಮರೆತು ಹೋಗಿದ್ದಳು. ಹೆಂಡತಿ ಬೆಂಚು ಒರೆಸುತ್ತ ಡಬ್ಬಿ ತೆರೆದು, ಸ್ಪ್ರಿಂಗನ್ನು ಎರಡು ಬೆರಳಿನ ನಡುವೆ ಒತ್ತಿ ನೋಡಿದಳು.

"ರೀ, ಇದು ಎಷ್ಟು ಗಟ್ಟಿ ಇದೆ, ಒತ್ತೋಕ್ಕೇ ಆಗ್ತಿಲ್ಲ. ಇಷ್ಟು ಚೆನ್ನಾಗಿರೋದನ್ನ ಯಾಕೆ ತೆಗೆದ್ರಿ?"

ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ. ಎದ್ದು ಬಂದು ಸ್ಪ್ರಿಂಗು ಇಸಿದುಕೊಂಡ. ಒತ್ತಿದ. ಅದು ಅವನ ಹೆಬ್ಬೆರಳನ್ನು ಹಿಂದಕ್ಕೆ ತಳ್ಳಿತು. ಹಿಂದಿನ ದಿನ, ಹೊಸದರ ಗ್ರೀಸು ಬಿಡಲೆಂದು, ಹಳೇದು ಹೊಸದು ಎರಡನ್ನೂ ಒಂದೇ ತಟ್ಟೆಯಲ್ಲಿ ತೊಳೆದಿದ್ದ. ಡೀಸೆಲ್ಲಿನಿಂದ ಎದ್ದ ಮೇಲೆ ಎರಡರದೂ ಒಂದೇ ಬಣ್ಣ. ಊಟಕ್ಕೆ ಎದ್ದುಹೋಗಿ ಬಂದು, ಒಂದನ್ನು ಡಬ್ಬಿಗೆ ಹಾಕಿದ್ದ, ಇನ್ನೊಂದನ್ನು ಆಕ್ಸಲ್ಲಿಗೆ.

"ಏನಾಯ್ತು?"

"ಹೊಸದು ಇಲ್ಲಿದೆ," ಅಂದ. ಅವನ ದನಿ ಅವನಿಗೇ ದೂರದಿಂದ ಕೇಳಿದಂತಿತ್ತು.

ಚಕ್ರ ಗಾಳಿಯಲ್ಲಿದ್ದಾಗ ಸೋತ ಸ್ಪ್ರಿಂಗೂ ಬಳೆಯನ್ನು ಎಳೆದೀತು. ಗಾಡಿಯ ಭಾರ ಬಿದ್ದು ಹಲ್ಲಿಗೆ ಹಲ್ಲು ಬಿಗಿದಾಗ ಎಳೆಯಲಾರದು. ತಂಗಿ ಕಲ್ಲೇರಿನಲ್ಲಿ ಲಾಕ್ ಹಾಕುತ್ತಾಳೆ. ಹತ್ತಿದ ಮೇಲೆ ಲಿವರ್ ಇಳಿಸುತ್ತಾಳೆ. ಲಾಕ್ ಬಿಡುವುದಿಲ್ಲ. ದೀಪ ಮಾತ್ರ ಆರುತ್ತದೆ, ಅವನೇ ಅದನ್ನು ಲಿವರಿಗೆ ಕಟ್ಟಿದ್ದಾನೆ.

ಹೆಂಡತಿ ಫೋನ್ ಹಚ್ಚಿದಳು. ಹಳ್ಳ ದಾಟಿದ ಮೇಲೆ ಅಲ್ಲಿ ಫೋನ್ ಸಿಗುವುದಿಲ್ಲವೆಂದು ಗೊತ್ತಿದ್ದೂ ಮತ್ತೆ ಮತ್ತೆ ಹಚ್ಚಿದಳು. ಅವನು ಸ್ಪ್ರಿಂಗು, ಪಾನಾ, ಒಂದಿಷ್ಟು ತಂತಿ ಜೇಬಿಗೆ ತುರುಕಿ ಬೈಕು ಹತ್ತಿದ.

"ಚಪ್ಪಲಿಯಾದ್ರೂ ಹಾಕ್ಕೊಳ್ರೀ," ಎಂದು ಅವಳು ಕೂಗಿದ್ದು ಅವನಿಗೆ ಕೇಳಿಸಲಿಲ್ಲ.

ಹಳ್ಳದ ಕಲ್ಲೇರಿನಲ್ಲಿ ಬೈಕು ಎರಡು ಸಲ ಮಗುಚಿತು. ಮೇಲೆ ಹತ್ತಿದ ಮೇಲೆ ಹಸಿಮಣ್ಣಿನ ದಾರಿ, ಅದರಲ್ಲಿ ಜೀಪಿನ ಚಕ್ರದ ಅಚ್ಚು. ಮೊದಲ ತಿರುವಿನಲ್ಲಿ ಅವನು ಬೈಕು ನಿಲ್ಲಿಸಿ ಬಗ್ಗಿ ನೋಡಿದ. ಲಾಕ್ ಬಿಟ್ಟ ಗಾಡಿಯಾದರೆ ತಿರುವಿನಲ್ಲಿ ಎರಡು ಚಕ್ರದ ಅಚ್ಚೂ ಸ್ಪಷ್ಟವಾಗಿ, ಹೂವು ಒತ್ತಿದಂತೆ ಮೂಡಬೇಕು. ಇಲ್ಲಿ ಒಳಗಿನ ಚಕ್ರ ಮಣ್ಣನ್ನು ಗೀರಿ, ಸಿಪ್ಪೆ ಸುಲಿದಂತೆ ಪಕ್ಕಕ್ಕೆ ತಳ್ಳಿತ್ತು. ಕಣ್ಣು ಮೋಸ ಮಾಡಿರಬಹುದು ಎಂದುಕೊಂಡ. ಎರಡನೇ ತಿರುವಿನಲ್ಲಿ ಗೀರು ಇನ್ನೂ ಅಗಲವಾಗಿತ್ತು.

ಮುಂದೆ ಎಲ್ಲಿಂದಲೂ ಎಂಜಿನ್ನಿನ ಸದ್ದು ಇರಲಿಲ್ಲ. ದಾಟಿ ಹೋಗಿದ್ದರೂ ಸದ್ದು ಇರುವುದಿಲ್ಲ. ಬಿದ್ದಿದ್ದರೂ ಇರುವುದಿಲ್ಲ.

ಜೀಪು ಅಡ್ಡ ಇಳಿಜಾರಿನ ನಟ್ಟನಡುವೆ ನಿಂತಿತ್ತು. ಮೂತಿ ದಾರಿಯ ಮೇಲೆ, ಹಿಂಭಾಗ ಎರಡು ಮೊಳ ಕೆಳಕ್ಕೆ ಜಾರಿ ಓರೆಯಾಗಿ. ಕೆಳಮಗ್ಗುಲಿನ ಹಿಂದಿನ ಚಕ್ರಕ್ಕೂ ಅಂಚಿಗೂ ಒಂದು ಗೇಣು ಅಂತರ. ನರ್ಸಮ್ಮ ಮೇಲುಮಗ್ಗುಲಿನ ಫುಟ್‌ಬೋರ್ಡಿನ ಮೇಲೆ ನಿಂತು ಕಂಬಿ ಹಿಡಿದು ಹೊರಕ್ಕೆ ಜೋತಿದ್ದಳು, ತನ್ನ ಭಾರದಿಂದಲೇ ಗಾಡಿಯನ್ನು ಹಿಡಿದಿಟ್ಟವಳಂತೆ. ತಂಗಿ ಎರಡೂ ಕಾಲನ್ನು ಬ್ರೇಕಿನ ಮೇಲೆ ಇಟ್ಟು ಕೂತಿದ್ದಳು.

"ಬ್ರೇಕ್ ಬಿಡಬೇಡ! ಆಕ್ಸಿಲರೇಟರ್ ಮುಟ್ಟಬೇಡ!"

"ಮುಟ್ಟಿದ್ದಕ್ಕೇ ಹೀಗಾಗಿದ್ದು," ಎಂದಳು ತಂಗಿ. ತಲೆ ತಿರುಗಿಸಲಿಲ್ಲ. "ದೀಪ ಆರಿದೆ ಅಣ್ಣ. ನೋಡು, ಆರೇ ಇದೆ. ಆದ್ರೂ ಹಿಂದೆ ಜಾರ್ತಿದೆ."

"ದೀಪ ಸುಳ್ಳು. ಲಾಕ್ ಬಿಟ್ಟಿಲ್ಲ. ನಾನು ಹಳೇ ಸ್ಪ್ರಿಂಗೇ ಹಾಕ್ಬಿಟ್ಟಿದೀನಿ."

ಅವಳು ಕನ್ನಡಿಯಲ್ಲಿ ಅವನನ್ನು ದುರುಗುಟ್ಟಿ ನೋಡಿದಳು.

"ಜಗಳ ಆಮೇಲೆ ಆಡ್ರಪ್ಪ," ಎಂದಳು ನರ್ಸಮ್ಮ ಹಲ್ಲು ಕಚ್ಚಿಕೊಂಡೇ. "ನನ್ನ ಕೈ ಸೋಲ್ತಾ ಇದೆ."

ಅವನು ಕಲ್ಲು ತಂದು ಕೆಳಮಗ್ಗುಲಿನ ಚಕ್ರಗಳಿಗೆ ಒತ್ತಿಟ್ಟ. ಒಂದು ಕಲ್ಲು ಅಂಚಿನಿಂದ ಜಾರಿತು. ಅದು ತಳ ಮುಟ್ಟುವವರೆಗೂ ಮೂವರೂ ಸದ್ದನ್ನು ಎಣಿಸಿದರು. ಆಮೇಲೆ ಮೇಲುಮಗ್ಗುಲಿನಿಂದ ಅಂಗಾತ ಮಲಗಿ ಜೀಪಿನ ಅಡಿಗೆ ತೆವಳಿದ. ಆಕ್ಸಲ್ಲಿನ ಹೊರಗಡೆ ಗೇಣುದ್ದದ ಕಬ್ಬಿಣದ ಕೈ ಇರುತ್ತದೆ, ಕೇಬಲ್ಲು ಕಟ್ಟುವುದು ಅದಕ್ಕೇ. ಅದನ್ನು ಹಿಂದಕ್ಕೆ ತಳ್ಳಿದರೆ ಲಾಕ್ ಬಿಡಬೇಕು. ತಳ್ಳಿದ. ಬಂಡೆ ತಳ್ಳಿದಂತಾಯಿತು. ಹಲ್ಲುಗಳು ಬಿಗಿದುಕೊಂಡಿದ್ದವು. ಗಾಡಿ ಒಂದಿಷ್ಟು ಹಿಂದೆ ಹೊರಳಿದರೆ ಮಾತ್ರ ಬಿಗಿ ಸಡಿಲವಾದೀತು.

"ಬ್ರೇಕನ್ನ ಒಂದು ಕೂದಲಷ್ಟು ಬಿಡು. ಹಿಂದಕ್ಕೆ ನಾಲ್ಕು ಬೆರಳು ಹೋಗ್ಲಿ. ಹಿಡಿ."

"ನೀನು ಅಡೀಲಿದೀಯ."

"ಗೊತ್ತು."

"ಕೆಳಕ್ಕೆ ಹೋದ್ರೆ ನಿನ್ನ ಮೇಲೇ ಹೋಗುತ್ತೆ, ಅಣ್ಣ."

"ನೀನು ಹಿಡಿತೀಯ. ಬಿಡು."

ಅವಳು ಬಿಡಲಿಲ್ಲ. ಅವನ ಕಿವಿಯ ಪಕ್ಕದಲ್ಲೇ ಬಿಸಿ ಸೈಲೆನ್ಸರು ಟಿಕ್ ಟಿಕ್ ಎನ್ನುತ್ತಿತ್ತು. ಹಣೆಯ ಮೇಲೆ ಎಣ್ಣೆಯೋ ಬೆವರೋ ಇಳಿದು ಕಣ್ಣಿಗೆ ಬಂತು. ಒರೆಸಲು ಕೈ ತೆಗೆಯುವಂತಿರಲಿಲ್ಲ. ಅಂಗಾಲಿನಿಂದ ನೆಲ ಒದ್ದು ಹಿಡಿಯಲು ನೋಡಿದ. ಜೇಡಿ ಬೆಣ್ಣೆಯಂತೆ ಜಾರಿತು. ಆಗ ಮೇಲೆ ಬ್ರೇಕು ಕಿರ್ ಎಂದಿತು. ಜೀಪಿನ ಹೊಟ್ಟೆ ಅವನ ಎದೆಯ ಮೇಲಿಂದ ಸರಿಯಿತು. ನಾಲ್ಕು ಬೆರಳಲ್ಲ, ಒಂದು ಗೇಣು. ಕಲ್ಲು ಗರಗರ ಅಂದಿತು. ನರ್ಸಮ್ಮ ಯಾವುದೋ ದೇವರನ್ನು ಕೂಗಿದಳು. ಅವನು ಕಣ್ಣು ಮುಚ್ಚಿ ಎರಡೂ ಕೈಯಿಂದ ತಳ್ಳಿದ. ಟಕ್ ಎಂದು ಕಬ್ಬಿಣದ ಕೈ ಹಿಂದೆ ಬಿತ್ತು.

ಅದು ಮತ್ತೆ ಮುಂದೆ ಬರದಂತೆ, ಕೇಬಲ್ಲು ಕಳಚಿ ತಂತಿಯಿಂದ ಏಳು ಸುತ್ತು ಬಿಗಿದ. ಹೊರಗೆ ತೆವಳಿ ಬಂದ.

"ಇಳಿ, ನಾನು ದಾಟಿಸ್ತೀನಿ."

"ನೀನು ಪಕ್ಕಕ್ಕೆ ನಿಂತ್ಕೊ," ಎಂದಳು ತಂಗಿ.

ಅವಳು ಎಂಜಿನ್ ಶುರುಮಾಡಿ ಗೇರು ಹಾಕಿದಳು. ಅವನು ಜೀಪಿನ ಹಿಂದೆ, ಮೇಲುಮಗ್ಗುಲಿನಲ್ಲಿ, ಚಕ್ರಗಳನ್ನೇ ನೋಡುತ್ತ ಅಡ್ಡಡ್ಡ ನಡೆದ. ಮೇಲಿನ ಚಕ್ರ ಗರ್ರನೆ ತಿರುಗಿ ಕೆಸರು ಎರಚಿತು. ಕೆಳಗಿನದು ನೆಲ ಕಚ್ಚಿ ಕೂತಿತು, ಜಾರಲಿಲ್ಲ. ಮೇಲಿನದು ಗಟ್ಟಿ ನೆಲ ಸಿಕ್ಕಿ ಮೆಲ್ಲಗೆ ಎಳೆಯಿತು. ಮೂವತ್ತು ಹೆಜ್ಜೆಯ ದಾರಿಗೆ ಎಷ್ಟು ಹೊತ್ತಾಯಿತೆಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ.

ಇಳಿಜಾರು ದಾಟಿದ ಮೇಲೆ ನರ್ಸಮ್ಮ ಇಳಿದು ನೆಲದ ಮೇಲೆ ಕೂತಳು. ತಂಗಿ ಸ್ಟೀರಿಂಗ್ ಬಿಡಲಿಲ್ಲ.

"ಸ್ಪ್ರಿಂಗ್ ತಂದಿದೀನಿ, ಇಲ್ಲೇ ಬಿಚ್ಚಿ ಹಾಕ್ಲಾ?" ಎಂದು ಅವನು ಕೇಳಿದ.

"ಬೇಡ. ಮೇಲೆ ಮಕ್ಕಳನ್ನ ಎತ್ಕೊಂಡು ಕಾಯ್ತಿದಾರೆ. ಲಾಕ್ ಕಟ್ಟಿಹಾಕಿದೀಯಲ್ಲ, ಊರ ಮುಂದಿನ ಕೊನೇ ಏರು ನಾವು ನಡೆದೇ ಹೋಗ್ತೀವಿ." ಗೇರಿಗೆ ಕೈ ಹಾಕಿ ಅಂದಳು, "ಬರೋವಾಗ ಇದೇ ದಾರಿ."

ನರ್ಸಮ್ಮ ಎದ್ದು ಹತ್ತಿ ಕೂತಳು, ಜೀಪು ತಿರುವಿನಲ್ಲಿ ಮರೆಯಾಯಿತು. ಅವನು ಮನೆಗೆ ಹೋಗಲಿಲ್ಲ. ಇಳಿಜಾರಿನ ಕೆಳ ಅಂಚಿನ ಉದ್ದಕ್ಕೂ ಕಲ್ಲು ಹೊತ್ತು ತಂದು ಹೂಳತೊಡಗಿದ. ಚಕ್ರ ಜಾರಿದರೂ ಅಲ್ಲಿ ತಡೆಯಲಿ ಎಂದು. ಹೆಂಡತಿ ನಡೆದುಕೊಂಡೇ ಬಂದಳು, ಅವನ ಚಪ್ಪಲಿ ಹಿಡಿದು. ಅವನ ಮುಖ ನೋಡಿ ಸೆರಗು ಸಿಕ್ಕಿಸಿ ಕಲ್ಲು ಎತ್ತಿದಳು. ಮಧ್ಯಾಹ್ನ ಎರಡು ಹನಿ ಬಿತ್ತು. ಇಬ್ಬರೂ ಒಮ್ಮೆಲೇ ಆಕಾಶ ನೋಡಿದರು, ಮತ್ತೆ ಬಗ್ಗಿದರು.

ಮೂರು ಗಂಟೆಗೆ ಜೀಪು ಬಂತು. ಇಳಿಜಾರಿನ ಆಚೆಯೇ ನಿಂತಿತು. ತಂಗಿ ಇಳಿದಳು. ಅಣ್ಣನ ಕಡೆ ನೋಡದೆ ಮೊದಲ ಕಲ್ಲಿನ ಮೇಲೆ ಕಾಲಿಟ್ಟು, ಮೈಭಾರ ಹಾಕಿ ಅಲ್ಲಾಡಿಸಿ ನೋಡಿದಳು. ಎರಡನೆಯದು, ಮೂರನೆಯದು. ಹೀಗೇ ಒಂದೊಂದನ್ನೂ ತುಳಿಯುತ್ತ ಅವನ ಹತ್ತಿರ ಬಂದಳು.

"ಇದು ಅಲ್ಲಾಡುತ್ತೆ," ಎಂದಳು.

ಅವನು ಮಂಡಿಯೂರಿ ಆ ಕಲ್ಲನ್ನು ಕಿತ್ತು, ಗುಂಡಿಯನ್ನು ಇನ್ನಷ್ಟು ಆಳ ಮಾಡಿ ಮತ್ತೆ ಕೂರಿಸಿದ. ಅವಳು ಮತ್ತೆ ತುಳಿದು ನೋಡಿದಳು. ಆಮೇಲೆ ಮುಂದಿನ ಕಲ್ಲಿಗೆ ಹೋದಳು.