ಕೆಳಗಿನ ಹಲಗೆಯ ಭ್ರೂಣಗಳು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ಇಲ್ಲಿ ಕೂಸು ಹಣ್ಣಿನ ನೊಣದ್ದು. ಕುಲಾವಿ ಹೊಲಿಸಿದವಳು ದೊಡ್ಡ ಓದು ಓದಿದ ಸಂಶೋಧಕಿ, ಮನೆಯವರ ಬಾಯಲ್ಲಿ ನೊಣದಮ್ಮ.

ನೊಣದ ಭ್ರೂಣದಲ್ಲಿ ನಾಲ್ಕು ಸಣ್ಣ ನಳಿಕೆಗಳು ಬೆಳೆಯುತ್ತವೆ. ನಮಗೆ ಕಿಡ್ನಿ ಮಾಡುವ ಕೆಲಸವನ್ನು ಅದಕ್ಕೆ ಅವೇ ಮಾಡುತ್ತವೆ. ಒಂದು ಜೀನ್ ಕೆಡಿಸಿದರೆ ಆ ನಳಿಕೆಗಳು ಉದ್ದವಾಗದೆ ಮೊಂಡಾಗಿಯೇ ಉಳಿಯುತ್ತವೆಂದು ನೊಣದಮ್ಮ ಕಂಡಳು. ಕಂಡದ್ದನ್ನು ಕಂಡಷ್ಟೇ ಹೇಳಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಮನೆಯಲ್ಲಿ ಉಪ್ಪು ಖಾರ ಹಚ್ಚಿ, ಕಿಡ್ನಿ ಬೆಳೆಸುವ ಕೀಲಿಕೈಯೇ ಸಿಕ್ಕಿತು ಎಂದಳು.

ಕೇಳಿಸಿಕೊಂಡವನು ಅಣ್ಣ. ಎರಡೂ ಕಿಡ್ನಿ ಕೈಕೊಟ್ಟು ಡಯಾಲಿಸಿಸ್ ಮೇಲೆ ಬದುಕಿದ್ದವನು. ಅತ್ತಿಗೆಯ ಕಿಡ್ನಿ ಅವನಿಗೆ ಹೊಂದುತ್ತದೆಂದು ತಿಳಿದು ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಅವನು ಅದನ್ನು ಮುಂದೂಡಿದ. ತಂಗಿ ಔಷಧಿ ಕಂಡುಹಿಡಿಯುತ್ತಾಳೆ, ಸುಮ್ಮನೆ ಇವಳ ಹೊಟ್ಟೆ ಯಾಕೆ ಕೊಯ್ಯಿಸಲಿ ಎಂದ. ನೊಣದಮ್ಮನಿಗೆ ಒಳಗೊಳಗೇ ಹೆಮ್ಮೆಯಾಯಿತು. ಬೇಡ ಅನ್ನಲಿಲ್ಲ.

ಆ ಹೆಮ್ಮೆ ಇವತ್ತು ಇಳಿಯಿತು. ಜೀನ್ ಕೆಟ್ಟ ಮೊಟ್ಟೆಗಳ ತಟ್ಟೆಯನ್ನು ಅವಳು ಯಾವಾಗಲೂ ಇನ್‌ಕ್ಯುಬೇಟರಿನ ಕೆಳಗಿನ ಹಲಗೆಯಲ್ಲಿಡುತ್ತಿದ್ದಳು, ಸರಿಯಿದ್ದವನ್ನು ಮೇಲೆ. ಅದಲುಬದಲಾಗಬಾರದೆಂಬ ಮುತುವರ್ಜಿ. ನಿನ್ನೆ ತೊಳೆಯಲೆಂದು ಕೆಳಗಿನ ಹಲಗೆ ತೆಗೆದಿದ್ದರಿಂದ ಎರಡೂ ತಟ್ಟೆಗಳು ಮೇಲೆಯೇ ಕೂತವು. ಇವತ್ತು ನೋಡಿದರೆ ನಳಿಕೆಗಳೆಲ್ಲ ಒಂದೇ ಉದ್ದ. ಕೆಳಗೆ ತಂಪು ಹೆಚ್ಚು, ತಂಪಿನಲ್ಲಿ ಭ್ರೂಣ ನಿಧಾನವಾಗಿ ಬೆಳೆಯುತ್ತದೆ. ಅವಳು ಮೊಂಡು ಎಂದುಕೊಂಡದ್ದು ಮೊಂಡಲ್ಲ, ಎಳೆಯದು. ಭ್ರೂಣದ ವಯಸ್ಸನ್ನು ಗಡಿಯಾರ ನೋಡಿ ಹೇಳಬೇಡಿ, ಅದರ ಆಕಾರ ನೋಡಿ ಹೇಳಿ ಎಂದು ವಿದ್ಯಾರ್ಥಿಗಳಿಗೆ ಮೊದಲ ದಿನ ಪಾಠ ಹೇಳುವವಳು ಅವಳೇ. ಸೂಕ್ಷ್ಮದರ್ಶಕದಿಂದ ಮುಖ ಎತ್ತಲು ನಾಚಿಕೆಯಾಯಿತು.

ಸಂಜೆ ಅಣ್ಣ ಡಯಾಲಿಸಿಸ್ ಮುಗಿಸಿ ಬಂದು, ತೋಳಿನ ಪಟ್ಟಿ ಒತ್ತಿಕೊಂಡು ಸೋಫಾದಲ್ಲಿ ಒರಗಿದ್ದ. ಅವಳು ನಿಂತುಕೊಂಡೇ ಎಲ್ಲ ಹೇಳಿದಳು. ಅವನು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ.

"ನೊಣದಿಂದ ನಂಗೆ ಕಿಡ್ನಿ ಬರಲ್ಲ ಅಂತ ನಂಗೂ ಗೊತ್ತು ಕಣೇ. ಅವಳ ಮೈಗೆ ಕತ್ತರಿ ಹಾಕ್ಸೋಕೆ ಮನಸ್ಸಿಲ್ಲ, ಅದಕ್ಕೆ ನಿನ್ನ ಹೆಸರು ಹೇಳ್ಕೊಂಡೆ. ನೀನು ಸುಮ್ನಿದ್ದುಬಿಡು."

ನೆಲ ಬಿರಿದು ನುಂಗಬಾರದೆ ಅನ್ನಿಸಿತು ಅವಳಿಗೆ. ಅಣ್ಣ ತನ್ನನ್ನು ನಂಬಿ ಕಾದಿದ್ದಾನೆ ಎಂದುಕೊಂಡಿದ್ದಳು. ಅವನು ನಂಬಿಯೇ ಇರಲಿಲ್ಲ, ಸಾಯಲು ಒಂದು ನೆಪ ಹುಡುಕಿಕೊಂಡಿದ್ದ, ಆ ನೆಪ ಒದಗಿಸಿದವಳು ತಾನು. ನಿಜವಾಗಿ ನಂಬಿದ್ದವಳು ಅತ್ತಿಗೆ ಒಬ್ಬಳೇ. ಸುಮ್ಮನಿದ್ದರೆ ಮರ್ಯಾದೆಯೂ ಉಳಿಯುತ್ತಿತ್ತು.

ಅವಳು ಅಡುಗೆಮನೆಗೆ ಹೋದಳು. ತನ್ನ ಲೆಕ್ಕ ತಪ್ಪಿತು, ಔಷಧಿಯೂ ಇಲ್ಲ ಏನೂ ಇಲ್ಲ, ಅಣ್ಣನಿಗೂ ಅದು ಗೊತ್ತಿದೆ ಎಂದು ಹೇಳಿದಳು. ಅತ್ತಿಗೆ ಒಲೆ ಆರಿಸಿ, ಕೈ ಒರೆಸಿಕೊಂಡು, ಗಂಡನ ಮುಂದೆ ಹೋಗಿ ನಿಂತಳು.

"ನೊಣದ್ದಾದ್ರೆ ಆಗ್ತಿತ್ತು, ನಂದಾದ್ರೆ ಆಗಲ್ವಾ ನಿಮಗೆ?"

ಅತ್ತಿಗೆ ತಾನೇ ಆಸ್ಪತ್ರೆಗೆ ಫೋನ್ ಮಾಡಿ, ಎಷ್ಟು ಬೇಗ ಆದರೂ ಸರಿ ಎನ್ನುವುದು ಒಳಗೆ ಕೇಳಿಸಿತು. ನೊಣದಮ್ಮ ಆರಿದ ಒಲೆಯ ಮುಂದೆ ನಿಂತೇ ಇದ್ದಳು. ಹೊರಗೆ ಬರಲು ಅವಳಿಗೆ ಮುಖವಿರಲಿಲ್ಲ.