ಕಪ್ಪು ಎರಡರ ಮದ್ದಳೆ

ದೀಕ್ಷಿತಾ ಅಂಗಳದ ಕಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಕಾಲುದೀಪ ತಿಕ್ಕುತ್ತಿದ್ದಳು. ಮರುದಿನ ಸಂಕ್ರಾಂತಿ. ಒಂದು ತಿಂಗಳ ಎಣ್ಣೆ ದೀಪದ ಕೊರಳಿಗೆ ಕಪ್ಪಾಗಿ ಅಂಟಿತ್ತು. ಹುಣಸೆಹುಳಿಯ ಉಂಡೆಯನ್ನು ಬೂದಿಯಲ್ಲಿ ಅದ್ದಿ, ತೆಂಗಿನ ನಾರಿನಿಂದ ಒತ್ತಿ ಒತ್ತಿ ಉಜ್ಜಿದರೆ ಹಿತ್ತಾಳೆ ಸ್ವಲ್ಪ ಸ್ವಲ್ಪವೇ ಹಳದಿಗೆ ತಿರುಗುತ್ತಿತ್ತು. ಜಗಲಿಯಲ್ಲಿ ಅಮ್ಮ ಮನೋರಮಾ ಗೆರಸೆಯನ್ನು ಮಡಿಲಲ್ಲಿಟ್ಟು ಬೀಡಿಯ ಎಲೆ ಕತ್ತರಿಸುತ್ತಿದ್ದಳು. ಜಗಲಿಯ ಇನ್ನೊಂದು ತುದಿಯಲ್ಲಿ ಅಪ್ಪ ಗುಣಪಾಲ ಹೊಸ ಮದ್ದಳೆಯ ಚರ್ಮದ ಮುಚ್ಚಿಗೆಗೆ ಕರ್ಣೆ ಹಾಕುತ್ತಿದ್ದರು. ಕಬ್ಬಿಣದ ಕಿಟ್ಟದ ಪುಡಿ, ಅನ್ನ ಸೇರಿಸಿ ಅರೆದ ಆ ಕಪ್ಪು ಹಿಟ್ಟನ್ನು ಚರ್ಮದ ನಡುವೆ ತೆಳ್ಳಗೆ ಮೆತ್ತಬೇಕು, ಕಲ್ಲಿನಿಂದ ಉಜ್ಜಬೇಕು, ಅದು ಒಣಗಿದ ಮೇಲೆ ಇನ್ನೊಂದು ಪದರ. ಅರ್ಧ ದಿನದ ಕೆಲಸ.

ಸ್ಕೂಟರೊಂದು ಗೇಟಿನ ಹತ್ತಿರ ನಿಂತಾಗಲೂ ಅಪ್ಪ ತಲೆ ಎತ್ತಲಿಲ್ಲ. ದೀಕ್ಷಿತಾ ಎತ್ತಿದಳು. ಬಂದವರು ಗಣೇಶಪ್ರಸಾದ. ವಿದ್ಯಾನಗರದ ಸರಕಾರಿ ಆಫೀಸಿನಲ್ಲಿ ಗುಮಾಸ್ತರು, ಭಾನುವಾರ ಬಂತೆಂದರೆ ಮುಳ್ಳೇರಿಯದ ಸುತ್ತಿನ ತಾಳಮದ್ದಳೆ ಕೂಟಗಳಲ್ಲಿ ಮದ್ದಳೆಗಾರರು. ಕೂಸನ್ನು ಎತ್ತಿಕೊಂಡ ಹಾಗೆ ಬೆಡ್‌ಶೀಟಿನಲ್ಲಿ ಸುತ್ತಿದ ಮದ್ದಳೆಯನ್ನು ಎದೆಗೆ ಒತ್ತಿ ಹಿಡಿದು ಮೆಟ್ಟಿಲು ಹತ್ತಿದರು. ಚಪ್ಪಲಿ ಬಿಟ್ಟ ರೀತಿಯಲ್ಲೇ ಅವಳಿಗೆ ಗೊತ್ತಾಯಿತು, ಇದು ಮದ್ದಳೆಯ ಬಾರು ಬದಲಿಸಲಿಕ್ಕೆ ಬಂದದ್ದಲ್ಲ.

"ಬನ್ನಿ, ಬನ್ನಿ. ಬೆಲ್ಲ ನೀರು ಕುಡಿಯುವ," ಎಂದರು ಅಪ್ಪ.

"ಅದೆಲ್ಲ ಆಮೇಲೆ ಗುಣಪಾಲಣ್ಣ. ಮೊದಲು ಇದನ್ನು ನೋಡಿ."

ಬೆಡ್‌ಶೀಟು ಬಿಚ್ಚಿತು. ಎರಡು ತಿಂಗಳ ಹಿಂದೆ ಇದೇ ಜಗಲಿಯಿಂದ ಹೋದ ಮದ್ದಳೆ. ಕರ್ಣೆ ನಡುವಿನಿಂದ ಅಂಚಿನವರೆಗೆ ಬಿರಿದಿತ್ತು. ಒಂದು ಚೂರು ಉದುರಿ ಬೆಡ್‌ಶೀಟಿನಲ್ಲೇ ಉಳಿದಿತ್ತು.

ಅಪ್ಪ ಅಂಚಿನ ಹೆಣಿಗೆಯ ಮೇಲೆ ಬೆರಳಾಡಿಸಿದರು. "ಎಂತದಿದು? ಆಫೀಸಿನಲ್ಲಿ ಸೀಲು ಹೊಡೆದ ಹಾಗೆ ಹೊಡೆದಿದ್ದೀರಲ್ಲ ಮಾರಾಯರೇ! ಚರ್ಮ ಅಲ್ವಾ ಇದು?"

"ಸೀಲು ಹೊಡೆದರೆ ಫೈಲಾದರೂ ಮುಂದೆ ಹೋಗ್ತದೆ. ಇದು ಹೊಡೆದಷ್ಟೂ ಅಲ್ಲೇ. ಕಪ್ಪು ಎರಡಕ್ಕೆ ಬೇಕು ಅಂತ ಹೇಳಿದ್ದೆನಾ ಇಲ್ವಾ ನಾನು?"

"ಕಪ್ಪು ಎರಡಕ್ಕೇ ಕೊಟ್ಟದ್ದು."

"ಅಲ್ಲ. ಕಡಿಮೆ ಉಂಟು. ಅಂಚಿಗೆ ಸುತ್ತಿಗೆಯಿಂದ ಮೂರು ಪೆಟ್ಟು ಕೊಟ್ಟರೆ ಏರಬೇಕಾದ ಶ್ರುತಿ ಮೂವತ್ತು ಕೊಟ್ಟರೂ ಏರಲಿಲ್ಲ. ಏರಿಸಲಿಕ್ಕೆ ಹೋಗಿಯೇ ಬಿರಿದದ್ದು."

ಹಾರ್ಮೋನಿಯಮಿನ ಎರಡನೆಯ ಕಪ್ಪು ಮನೆ, ಅದೇ ಗಣೇಶಪ್ರಸಾದರ ಕೂಟದಲ್ಲಿ ಪದ ಹೇಳುವ ಭಾಗವತರ ಶ್ರುತಿ. ಅಪ್ಪ ಎದ್ದು ಒಳಗಿನಿಂದ ತಮ್ಮ ಶ್ರುತಿಪೆಟ್ಟಿಗೆ ತಂದರು. ಅಜ್ಜನ ಕಾಲದ್ದು. ಅದರ ಒಳಗಿನ ಹಿತ್ತಾಳೆ ರೀಡುಗಳಲ್ಲಿ ಈಗ ನುಡಿಯುತ್ತಿದ್ದುದು ಒಂದೇ, ಆ ಕಪ್ಪು ಎರಡರದ್ದು. ಮೂವತ್ತು ವರ್ಷಗಳಿಂದ ಅಪ್ಪ ಮಾಡಿದ ಒಂದೊಂದು ಮದ್ದಳೆಯೂ ಆ ರೀಡಿನ ಮುಂದೆ ಕೂತು ಒಪ್ಪಿಗೆ ಪಡೆದೇ ಗೇಟು ದಾಟಿದ್ದು. ಬೇರೆ ಶ್ರುತಿಗೆ ಬೇಕಾದರೂ ಅದರಿಂದಲೇ ಎಣಿಸಿ ಮೇಲೆ ಕೆಳಗೆ ಹೋಗುತ್ತಿದ್ದರು.

ಪೆಟ್ಟಿಗೆ ನೋಡಿದ್ದೇ ದೀಕ್ಷಿತಾಳ ಕೈ ದೀಪದ ಮೇಲೆ ನಿಂತಿತು.

ಹುಳಿಯ ವಾಸನೆ ಥಟ್ಟನೆ ಮೂಗಿಗೆ ಏರಿತು. ನವರಾತ್ರಿಯ ಆಯುಧಪೂಜೆಯ ದಿನ ಉಳಿ, ಸುತ್ತಿಗೆಗಳನ್ನೆಲ್ಲ ತೊಳೆದಿಟ್ಟು, ಅಪ್ಪನಿಗೆ ಖುಷಿಯಾಗಲಿ ಎಂದು ಅವಳೇ ಪೆಟ್ಟಿಗೆಯ ಮುಚ್ಚಳ ತೆಗೆದಿದ್ದಳು. ರೀಡಿನ ಬುಡದಲ್ಲಿ ಹಸಿರು ಕಿಲುಬು ಹಿಡಿದಿತ್ತು. ಹುಳಿಯಿಂದ ಉಜ್ಜಿದಳು. ಹೋಗಲಿಲ್ಲ. ಅಮ್ಮನ ಬೀಡಿ ಕತ್ತರಿಯ ತುದಿಯಿಂದ ಕೆರೆದಳು, ಹೊಸ ಹಿತ್ತಾಳೆ ಹೊಳೆಯುವವರೆಗೆ ಕೆರೆದಳು. ಸಂಜೆ ಅಪ್ಪ ನುಡಿಸಿ ನೋಡಿ, ಒಂದು ಗಳಿಗೆ ತಲೆ ಓರೆ ಮಾಡಿ, "ಸ್ವರ ಸ್ವಲ್ಪ ಬೇರೆಯೇ ಆದ ಹಾಗೆ ಉಂಟಲ್ಲ" ಎಂದಿದ್ದರು. ಮತ್ತೆ ತಾವೇ ನಕ್ಕು, "ಚೊಕ್ಕ ಆಯ್ತಲ್ಲ, ಹಾಗೆ. ಮಗಳ ಕೈ" ಎಂದಿದ್ದರು. ಆ ಮಾತನ್ನು ಅವಳು ಎಷ್ಟೋ ದಿನ ಒಳಗೇ ಇಟ್ಟುಕೊಂಡು ತಿರುಗಿದ್ದಳು.

ನವರಾತ್ರಿಯ ನಂತರ ಹೋದ ಮದ್ದಳೆಗಳು ನಾಲ್ಕು. ಇದು ಒಂದು.

ಗಣೇಶಪ್ರಸಾದರು ಮೊಬೈಲಿನಲ್ಲಿ ಶ್ರುತಿ ಹಾಕಿ ನೆಲಕ್ಕಿಟ್ಟರು. ಅಪ್ಪ ಪೆಟ್ಟಿಗೆಯ ತಿದಿ ಒತ್ತಿದರು. ಎರಡು ಸ್ವರಗಳೂ ಒಂದನ್ನೊಂದು ಸೇರಲಾರದೆ ಜಗಲಿಯ ತುಂಬ ನಡುಗಿದವು. ಅಂಗಳದಲ್ಲಿದ್ದ ಕೋಳಿ ಕೂಡ ಕತ್ತು ಎತ್ತಿ ನಿಂತಿತು. ಅಮ್ಮನ ಕತ್ತರಿ ಮಾತ್ರ ಕಚಕಚ ಎನ್ನುತ್ತಲೇ ಇತ್ತು.

"ಕೇಳಿತಾ?" ಎಂದರು ಗಣೇಶಪ್ರಸಾದ.

"ಕೇಳಿತು. ನಿಮ್ಮ ಮೊಬೈಲು ಏರಿದೆ. ಅದು ನಿನ್ನೆ ಮೊನ್ನೆ ಹುಟ್ಟಿದ್ದು. ಈ ಪೆಟ್ಟಿಗೆಯ ಎದುರು ನಿಮ್ಮ ಭಾಗವತರ ಗುರುಗಳು ಕೂತು ಪದ ಹೇಳಿದ್ದಾರೆ."

"ಗುಣಪಾಲಣ್ಣ, ಆಫೀಸಿನ ನಾಲ್ಕು ಜನರ ಮೊಬೈಲಿನಲ್ಲಿ ನೋಡಿದೆ. ಕೂಟದ ಹಾರ್ಮೋನಿಯಮಿನಲ್ಲೂ ನೋಡಿದೆ."

"ಐದು ಕಾಗೆ ಸೇರಿ ಕೂಗಿದರೆ ಕೋಗಿಲೆ ಆಗ್ತದಾ?"

ಅಮ್ಮ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿದಳು. ಗಣೇಶಪ್ರಸಾದರು ನಗಲಿಲ್ಲ. ಕೂತಲ್ಲೇ ಮದ್ದಳೆಯ ಬಾರನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು.

"ನನ್ನ ಹೆಂಡತಿಯ ತವರಿನಲ್ಲಿ ಕೂಟ ಇದ್ದದ್ದು. ಭಾಗವತರು ಪದ ಅರ್ಧಕ್ಕೆ ನಿಲ್ಲಿಸಿ ನನ್ನ ಕಡೆ ತಿರುಗಿದರು. 'ಶ್ರುತಿ ಕೇಳ್ತದಾ ನಿಮಗೆ?' ಅಂತ ಕೇಳಿದರು. ಎಲ್ಲರೂ ಇದ್ದರು. ನನ್ನ ಸಣ್ಣ ಮಗಳೂ ಇದ್ದಳು." ಅವರ ಸ್ವರ ಸಣ್ಣದಾಯಿತು. "ಎರಡು ವಾರ ಮದ್ದಳೆ ಮುಟ್ಟಲಿಲ್ಲ. ನನ್ನ ಕಿವಿಯೇ ಹಾಳಾಯ್ತಾ ಅಂತ ಹೆದರಿಕೆ ಆಯ್ತು."

"ಹಾಳಾಗಿರಬೇಕು," ಎಂದರು ಅಪ್ಪ. "ಕಿವಿಯೂ ಕೈಯೂ. ಬಿಟ್ಟುಬಿಡಿ. ಎಲ್ಲರಿಗೂ ಒಲಿಯುವ ವಿದ್ಯೆ ಅಲ್ಲ ಇದು."

ಆ ಮಾತು ಬೀಳಬಾರದಿತ್ತು. ಗಣೇಶಪ್ರಸಾದರೆಂದರೆ ಹದಿನೈದು ವರ್ಷಗಳಿಂದ ಬಸ್ಸು ಹಿಡಿದು, ರಜೆ ಹಾಕಿ ಕಲಿತ ಮನುಷ್ಯ. ಅವರು ಮೊಬೈಲು ಎತ್ತಿ ಜೇಬಿಗೆ ಹಾಕಿಕೊಂಡರು. "ಸರಿ. ವರ್ಕಾಡಿಯ ಗುಣಪಾಲನಿಗೆ ಶ್ರುತಿ ಗೊತ್ತಿಲ್ಲ ಅಂತ ನಾನು ನಮ್ಮ ತಾಳಮದ್ದಳೆ ಸಂಘದಲ್ಲಿ ಹೇಳ್ತೇನೆ."

ಅಪ್ಪ ಧಡಕ್ಕನೆ ಎದ್ದರು. ಪಕ್ಕದಲ್ಲಿದ್ದ ಸುತ್ತಿಗೆ ಕೈಗೆ ಬಂದಿತ್ತು. "ಹೇಳಿ! ಬೊಬ್ಬೆ ಹಾಕಿ ಹೇಳಿ! ನನ್ನ ಪೆಟ್ಟಿಗೆ ತಪ್ಪಿದ್ದು ಹೌದಾದರೆ, ಅಗೋ, ಆ ಸಂಕ್ರಾಂತಿಯ ದೀಪದ ಎದುರು ಹೇಳ್ತೇನೆ, ಇವತ್ತಿನಿಂದ ಮದ್ದಳೆಗೆ ಕೈ ಹಚ್ಚುವವ ನಾನಲ್ಲ!"

ಕತ್ತರಿ ನಿಂತಿತು. "ಇದೆಂತ ಮಾತು?" ಎಂದಳು ಅಮ್ಮ. "ದೀಪದ ಎದುರು ಅಂಥದ್ದು ಹೇಳ್ಲಿಕ್ಕುಂಟಾ? ಬಿಡ್ತು ಅನ್ನಿ."

ಅಪ್ಪ ಬಿಡ್ತು ಅನ್ನಲಿಲ್ಲ.

ದೀಪ ಇದ್ದದ್ದು ದೀಕ್ಷಿತಾಳ ಕೈಯಲ್ಲಿ. ಅರ್ಧ ಹಳದಿ, ಅರ್ಧ ಕಪ್ಪು. ಏಳಲೂ ಆಗದು, ಕೂರಲೂ ಆಗದು. ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟ ದಿನವೂ ಹೀಗೇ ಆಗಿತ್ತು. ಹೇಳಬೇಕಾದ್ದು ಗಂಟಲಿನವರೆಗೆ ಬಂದಿತ್ತು, ಯಾರೂ ಕೇಳಲಿಲ್ಲವೆಂದು ನುಂಗಿದ್ದಳು. ಇವತ್ತೂ ಯಾರೂ ಕೇಳಲಿಲ್ಲ. ಸುಮ್ಮನಿದ್ದರೆ ಮುಗಿಯಿತು. ಸ್ಕೂಟರು ಹೋಗುತ್ತದೆ, ಅಪ್ಪ ಕರ್ಣೆಗೆ ಕೂರುತ್ತಾರೆ. ಆ ಮನುಷ್ಯ ಮನೆಗೆ ಹೋಗಿ ಮದ್ದಳೆಯನ್ನು ಅಟ್ಟಕ್ಕೆ ಹಾಕುತ್ತಾರೆ. ಉಳಿದ ಮೂರು ಮದ್ದಳೆಗಳು ಮುಂದಿನ ತಿಂಗಳು ಒಂದೊಂದಾಗಿ ಬರುತ್ತವೆ. ಮಾತಾಡಿದರೆ? ಅಪ್ಪನಿಗೆ ಬೇರೆ ಕೆಲಸ ಗೊತ್ತಿಲ್ಲ. ಮಾತು ಹಿಂದೆ ತೆಗೆಯುವುದಂತೂ ಗೊತ್ತೇ ಇಲ್ಲ.

ಗಣೇಶಪ್ರಸಾದರು ಬೆಡ್‌ಶೀಟಿನ ಗಂಟು ಹಾಕತೊಡಗಿದರು. ಮೊದಲು ಉದುರಿದ ಕರ್ಣೆಯ ಚೂರನ್ನು ಎತ್ತಿ, ಎಲ್ಲಿಡುವುದೆಂದು ತಿಳಿಯದೆ, ಅಂಗಿಯ ಜೇಬಿಗೆ ಹಾಕಿಕೊಂಡರು.

ಅದನ್ನು ನೋಡಿದ್ದೇ ಅವಳು ಎದ್ದಳು. ಒದ್ದೆ ಕೈಯನ್ನು ಚೂಡಿದಾರಕ್ಕೆ ಒರಸಿ ಜಗಲಿಗೆ ಬಂದು, ಯಾರನ್ನೂ ನೋಡದೆ ಪೆಟ್ಟಿಗೆಯ ಮುಚ್ಚಳ ತೆಗೆದಳು. ರೀಡಿನ ಬುಡದಲ್ಲಿ ಕೂದಲೆಳೆಯಂಥ ಗೀರುಗಳು ಬಿಸಿಲಿಗೆ ಮಿನುಗಿದವು.

"ಇದು ನಾನು ಕೆರೆದದ್ದು ಅಪ್ಪ. ಆಯುಧಪೂಜೆಗೆ. ಕಿಲುಬು ಹೋಗಲಿಲ್ಲ, ಅಮ್ಮನ ಕತ್ತರಿಯಿಂದ ಕೆರೆದೆ. ಬುಡ ಸವೆದು ಸ್ವರ ಇಳಿದದ್ದು ಹಾಗೆ. ಇವರ ಕಿವಿ ಸರಿ ಉಂಟು."

ಅಷ್ಟು ಉದ್ದದ ಮಾತನ್ನು ಅವಳು ಹೊರಗಿನವರ ಎದುರು ಆಡಿದ್ದು ಅದೇ ಮೊದಲು.

ಅಪ್ಪ ಬಗ್ಗಿ ನೋಡಿದರು. ಹೆಬ್ಬೆರಳ ಉಗುರಿನಿಂದ ಗೀರನ್ನು ಮುಟ್ಟಿದರು. ತಿದಿಯನ್ನು ಒಮ್ಮೆ ಒತ್ತಿದರು, ಕಣ್ಣು ಮುಚ್ಚಿ ಕೇಳಿದರು, ನವರಾತ್ರಿಯ ಸಂಜೆಯಂತೆಯೇ ತಲೆ ಓರೆಯಾಯಿತು. ಈ ಸಲ ನಗಲಿಲ್ಲ. ನಿಧಾನವಾಗಿ ಕಂಬಕ್ಕೆ ಒರಗಿ ಕೂತರು. ಸುತ್ತಿಗೆ ಮಡಿಲಲ್ಲಿತ್ತು, ಅದರ ಮೇಲೆ ಎರಡೂ ಕೈ.

"ಗುಣಪಾಲಣ್ಣ," ಎಂದರು ಗಣೇಶಪ್ರಸಾದ. ಗೆದ್ದವರ ಸ್ವರ ಅದಾಗಿರಲಿಲ್ಲ. "ಸಿಟ್ಟಿನಲ್ಲಿ ಬಂದ ಮಾತು. ನಾನೂ ಹೇಳಿದೆ, ನೀವೂ ಹೇಳಿದಿರಿ. ದೀಪ ಹೊತ್ತಿಸಿಯೂ ಇರಲಿಲ್ಲ. ಅದು ಲೆಕ್ಕಕ್ಕಿಲ್ಲ."

ಅಪ್ಪ ಅಂಗಳದ ಕಡೆ ನೋಡುತ್ತಿದ್ದರು. ಕಲ್ಲಿನ ಮೇಲೆ ದೀಪ ಓರೆಯಾಗಿ ಬಿದ್ದಿತ್ತು. ಅಮ್ಮ ಕತ್ತರಿಯನ್ನು ತನ್ನ ಕಾಲಿನ ಕೆಳಗೆ ಸರಿಸಿದಳು, ಅದು ಅಲ್ಲಿ ಇರಲೇ ಇಲ್ಲ ಎಂಬ ಹಾಗೆ.

ಅರೆದಿಟ್ಟ ಕರ್ಣೆ ಒಣಗುತ್ತಿತ್ತು. ದೀಕ್ಷಿತಾ ಅದಕ್ಕೆ ನಾಲ್ಕು ಹನಿ ನೀರು ಚಿಮುಕಿಸಿ ಒದ್ದೆ ಬಟ್ಟೆ ಮುಚ್ಚಿದಳು. ಬೆಡ್‌ಶೀಟಿನ ಗಂಟು ಬಿಚ್ಚಿ ಒಡೆದ ಮದ್ದಳೆಯನ್ನು ತನ್ನ ಎದುರಿಗೆ ಎಳೆದುಕೊಂಡಳು. ಹಳೆಯ ಕರ್ಣೆ ಕೆರೆದು ತೆಗೆಯಬೇಕು, ಸುತ್ತಿಗೆಯಿಂದ ತಟ್ಟಿ ಅಂಚು ಸಡಿಲಿಸಬೇಕು, ಮೊದಲಿನಿಂದ ಹಾಕಬೇಕು. ಹೇಗೆ ಹಾಕುವುದೆಂದು ಅವಳಿಗೆ ಯಾರೂ ಕಲಿಸಿರಲಿಲ್ಲ. ಏಳು ವರ್ಷ ಪಕ್ಕದಲ್ಲಿ ಕೂತು ನೋಡಿದ್ದಳು, ಅಷ್ಟೆ. ಗಣೇಶಪ್ರಸಾದರು ಜೇಬಿನಿಂದ ಮೊಬೈಲು ತೆಗೆದರು, ಮತ್ತೆ ಒಳಗಿಟ್ಟರು.

ಅವಳು ಅಪ್ಪನ ಕಡೆಗೆ ಕೈ ಚಾಚಿದಳು. ಬೆರಳುಗಳಲ್ಲಿ ಇನ್ನೂ ಹುಳಿಯ ವಾಸನೆ ಇತ್ತು.

"ಅಪ್ಪ, ಸುತ್ತಿಗೆ ಕೊಡಿ."