ಸುತ್ತು ದಾರಿಯ ಲೆಕ್ಕ

ಸೀಮೆಸುಣ್ಣ ಕಿರ್ರೆಂದಿತು, ಹಲ್ಲು ಜುಮ್ಮೆಂದವು, ಬೋರ್ಡಿನ ಮೂಲೆಯಲ್ಲಿ ೧೨-೮-೮೨, ಅದರ ಕೆಳಗೆ ಎ ಅಂದರೆ ಒಂದು ಎರಡು, ಬಿ ಅಂದರೆ ಮೂರು ಆರು, ಬಿಯಲ್ಲಿ ಲಂಬಕೋನ, ಸಿಯ ಎತ್ತರ ಐದು, ಎಕ್ಸ್ ಮಾತ್ರ ಕಾಣೆ — ಮೂರನೇ ಶೃಂಗ ಎಲ್ಲಿದೆ ಹೊನ್ನಕ್ಕ, ಹುಡುಕು ನೋಡೋಣ, ಎಂದು ಸಂಜೀವಯ್ಯ ಮೇಷ್ಟ್ರು ಕುರ್ಚಿಗೆ ಒರಗಿದ್ದಾರೆ, ಬೆನ್ನ ಹಿಂದೆ ಹತ್ತನೇ ಕ್ಲಾಸಿನ ಅಷ್ಟೂ ಹುಡುಗರು, ಲಂಗದ ಹಿಂದುಗಡೆಗೆ ಕೈ ತಾನಾಗಿ ಹೋಗುತ್ತದೆ, ಏನೂ ಇಲ್ಲ, ಅದೆಲ್ಲ ಮುಗಿಯಿತಲ್ಲ, ನಿನ್ನೆ ತಾನೇ ತಲೆಗೆ ನೀರು ಹುಯ್ದುಕೊಂಡು ಹಟ್ಟಿಯೊಳಗೆ ಬಂದಳಲ್ಲ, ಆದರೂ ಮೈ ಹಿಡಿಯಷ್ಟಾಗುತ್ತದೆ — ಇಳಿಜಾರಿನ ಸೂತ್ರವಂತೆ, ಅದನ್ನು ಹೇಳಿಕೊಟ್ಟಾಗ ಅವಳಿರಲಿಲ್ಲ, ಮುಟ್ಟಾಗಿ ಬೇಲಿಯಾಚೆಯ ಗುಡ್ಲಲ್ಲಿದ್ದಳು, ಬಗ್ಗಿ ನುಗ್ಗುವ ಬಾಗಿಲು, ಅವ್ವ ದೂರದಲ್ಲೇ ಮುದ್ದೆ ಇಟ್ಟು, ನೀರಿಗೋಗಾಗ ದೇವ್ರ ಗುಡಿ ಮುಂದ್ಲಿಂದ ಓಗ್ಬ್ಯಾಡ ಕಣಮ್ಮಿ, ಬೇಲಿ ಗುಂಟ ಸುತ್ತಾಕ್ಕೊಂಡು ಓಗು, ನಾಚ್ಕೊಳಾದೇನೈತೆ, ನಾವೆಲ್ಲಾ ಇದ್ದೋರೇಯ — ನಾಚಿಕೆ ಇಲ್ಲವಂತೆ, ಅವ್ವ ಇಲ್ಲಿ ಬಂದು ನಿಂತಿದ್ದರೆ ಗೊತ್ತಾಗುತ್ತಿತ್ತು, ಅಪ್ಪನದು ಬೇರೆ ಮಾತು, ಹಟ್ಟಿ ಇಸ್ಯ ಇಸ್ಕೂಲಲ್ಲಿ ಯಾರ ಬಾಯ್ಗಾದ್ರೂ ಬಿತ್ತೋ, ಅವತ್ಗೆ ನಿನ್ನ ಓದು ಮುಗೀತು.

ಇಳಿಜಾರು ಬಾರದಿದ್ದರೆ ಬೇಡ, ಪೈಥಾಗೊರಸ್ ಇದ್ದಾನೆ, ಅವನು ಕೈಬಿಟ್ಟವನಲ್ಲ, ಎಬಿ ವರ್ಗ ಇಪ್ಪತ್ತು, ಅದಕ್ಕೆ ಬಿಸಿ ವರ್ಗ ಕೂಡಿದರೆ ಎಸಿ ವರ್ಗ, ಎಕ್ಸ್ ವರ್ಗ ಆಚೆಗೂ ಈಚೆಗೂ ಹೊಡೆದುಹೋಯಿತು, ನಾಲ್ಕು ಎಕ್ಸ್ ಅಂದರೆ ಇಪ್ಪತ್ತು, ಎಕ್ಸ್ ಐದು, ಬಂತು, ಬಂದೇಬಿಟ್ಟಿತು, ಐದು ಐದು, ತ್ರಿಕೋನದ ಗೆರೆ ಎಳೆದು, ಖುಷಿಗೆ ಸಿಯ ಚುಕ್ಕೆಯನ್ನು ಒತ್ತಿ ಒತ್ತಿ ಇಟ್ಟಳು — ಉತ್ತರವೇನೋ ಸರಿ ಕಣಮ್ಮ, ಎರಡು ಸಾಲಿನ ಲೆಕ್ಕಕ್ಕೆ ಇಷ್ಟು ದೂರ ಯಾಕೆ ಸುತ್ತಿಕೊಂಡು ಬಂದೆ, ನೇರ ದಾರಿ ಹೋದ ವಾರ ಹೇಳಿಕೊಟ್ಟೆನಲ್ಲ, ಎಲ್ಲಿದ್ದೆ? — ಸುತ್ತಿಕೊಂಡು, ಇವರಿಗೆ ಹೇಗೆ ಗೊತ್ತು, ಇಲ್ಲ, ಲೆಕ್ಕದ ಮಾತು ಅದು — ಜ್ವರ ಸಾ, ಎಂದಳು, ಕಿವಿ ಕಾದವು — ಜ್ವರವೇ, ಲೋ ನರಸಪ್ಪ, ನೀನೂ ಅದೇ ಹಟ್ಟಿಯವನಲ್ಲವೇನೋ, ಬಂದು ಒಂದು ಮಾತು ಹೇಳೋದಲ್ವಾ? ಚಿಕ್ಕಪ್ಪನ ಮಗ ನರಸಪ್ಪ ಎದ್ದ, ಬೆಂಚು ಕಿರುಗುಟ್ಟಿತು, ದಮ್ಮಯ್ಯ, ಹೂಂ ಅನ್ನು, ಜ್ವರ ಅನ್ನು, ಅವನು ತಲೆ ತಗ್ಗಿಸಿದ, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಅಷ್ಟು ಸಾಕಾಯಿತು, ಹಿಂದಿನ ಬೆಂಚಲ್ಲಿ ಯಾರೋ ಕಿಸಕ್ಕೆಂದರು, ಅಪ್ಪನಿಗೆ ಇವತ್ತೇ ಮುಟ್ಟುತ್ತದೆ, ಮೇಷ್ಟ್ರಿಗೂ ಅರ್ಥವಾಗಿಹೋಯಿತು, ಅದನ್ನೇ ತಡೆಯಲಾಗುತ್ತಿಲ್ಲ, ಆಯ್ತು ಕೂತ್ಕೋ ತಾಯಿ, ಎನ್ನುತ್ತಾರೆ, ಯಾವತ್ತೂ ತಾಯಿ ಅಂದವರಲ್ಲ, ಮುಖ ನೋಡದೆ ಡಸ್ಟರು ಹಿಡಿದು ಗಡಿಬಿಡಿಯಲ್ಲಿ ಒರೆಸುತ್ತಾರೆ, ಎ ಹೋಯಿತು, ಬಿ ಹೋಯಿತು, ಗೆರೆಗಳೂ ಹೋದವು, ಒತ್ತಿಟ್ಟ ಚುಕ್ಕೆ ಮಾತ್ರ ಹೋಗಲಿಲ್ಲ, ಒರೆಸಿ ಸಾ, ಇನ್ನೊಂದು ಸಲ ಒರೆಸಿ, ಕಪ್ಪು ಬಯಲಲ್ಲಿ ಒಂಟಿ ಬಿಳಿ ಚುಕ್ಕೆ, ಬೇಲಿಯಾಚೆಯ ಗುಡ್ಲು, ಇಡೀ ಕ್ಲಾಸಿಗೆ ಕಾಣುವ ಹಾಗೆ, ಗುಡ್ಲು —